ಕೈಯೊಳಗಿನ ಪುಸ್ತಕಭಂಡಾರ

ಗೌರಿಬಿದನೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವವರ ಪಾಡು ನಮ್ಮ ಸೀಮೆಯ ವಾಚಕರಿಗೆ ತಿಳಿದುದೇ. ಒಂದು ಕೈಯಲ್ಲಿ ಕಂಬಿಯನ್ನು ಹಿಡಿದು ನಿಂತವರು ಇನ್ನೊಂದರಲ್ಲಿ ದಪ್ಪ ಕಾದಂಬರಿಯ ಹಾಳೆಯನ್ನು ತಿರುವುವುದೆಂತು? ಇಲ್ಲಿ ಇ-ರೀಡರ್ ಎಂಬ ಉಪಕರಣವು ಉಪಕಾರಿಯೇ ಸರಿ. 2022ರಲ್ಲಿ ಬಂದ ಸಾಧಾರಣ ಕಿಂಡಲ್ಲಿನ ತೂಕ 158 ಗ್ರಾಂ. ಹೆಬ್ಬೆರಳು ಸೋಕಿದರೆ ಪುಟ ತಿರುಗುವುದು. ಅದರ ತೆರೆಯಲ್ಲಿ ಕಪ್ಪು ಬಿಳುಪಿನ ಸೂಕ್ಷ್ಮ ಕಣಗಳು ವಿದ್ಯುತ್ತಿನ ಸೆಳೆತಕ್ಕೆ ಸರಿದು ಅಕ್ಷರಗಳಾಗಿ ನಿಲ್ಲುತ್ತವೆ. ನಿಂತ ಅಕ್ಷರಕ್ಕೆ ವಿದ್ಯುತ್ತು ಬೇಡವಾದಕಾರಣ ಒಮ್ಮೆ ಚಾರ್ಜು ಮಾಡಿದರೆ ವಾರಗಟ್ಟಲೆ ಸಾಗುವುದು. ಚಿಂತಾಮಣಿಯ ಬಿಸಿಲಿನ ಜಗಲಿಯಲ್ಲಿಯೂ ಕಾಗದದಂತೆಯೇ ಓದಬಹುದು.

ಆದರೆ ಇದರ ಮುಖ್ಯ ಗುಣವೆಂದರೆ ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಬಹುದೆಂಬುದು. ಶಿಡ್ಲಘಟ್ಟದಲ್ಲಿ ರೇಷ್ಮೆಯ ಎಳೆ ನೋಡಿ ನೋಡಿ ಕಣ್ಣು ದಣಿದ ಹಿರಿಯರಿಗೆ ಬೇಕಾದುದು ಇದೇ. ಕನ್ನಡದ ಮಟ್ಟಿಗೆ ತೊಡಕಿರುವುದೂ ಇಲ್ಲಿಯೇ. 2016ರಲ್ಲಿ ಕಿಂಡಲ್ ಅಂಗಡಿಯು ಭಾರತದ ಐದು ಭಾಷೆಗಳ ಪುಸ್ತಕಗಳಿಗೆ ಬಾಗಿಲು ತೆರೆದಾಗ ಅವುಗಳಲ್ಲಿ ಕನ್ನಡವಿರಲಿಲ್ಲ. ಅಂತರ್ಜಾಲದಲ್ಲಿ ದೊರೆವ ನಮ್ಮ ಹಳೆಯ ಗ್ರಂಥಗಳು ಬಹುಮಟ್ಟಿಗೆ ಪುಟಗಳ ಛಾಯಾಚಿತ್ರಗಳು. ಆರಂಗುಲದ ತೆರೆಯಲ್ಲಿ ಅವುಗಳ ಒತ್ತಕ್ಷರಗಳು ಇರುವೆಗಳಾಗುತ್ತವೆ. ಹಿಗ್ಗಿಸಿದರೆ ಸಾಲು ಅಂಚನ್ನು ದಾಟುತ್ತದೆ. ಪ್ರತಿ ಸಾಲಿಗೂ ಪುಟವನ್ನು ಎಡಬಲಕ್ಕೆ ಎಳೆಯುತ್ತ ಕುಳಿತರೆ ಅದು ಓದಲ್ಲ, ದುಡಿಮೆ.

ಆದುದರಿಂದ ಕೊಳ್ಳುವ ಮುನ್ನ ಬಲ್ಲವರ ಉಪಕರಣವೊಂದರಲ್ಲಿ, ಮನೆಯ ಹಿರಿಯರು ಬಯಸುವ ಕನ್ನಡ ಪುಸ್ತಕವನ್ನೇ ತೆರೆಯಿರಿ. ಅಕ್ಷರ ಹಿಗ್ಗಿದಾಗ ಸಾಲು ಪುಟದೊಳಗೇ ಹೊಂದಿಕೊಂಡರೆ ಕೊಳ್ಳಿರಿ. ಇಲ್ಲವಾದರೆ ದೊಡ್ಡ ತೆರೆಯ ಟ್ಯಾಬ್ಲೆಟ್ಟೇ ಲೇಸು. ಮೊಮ್ಮಗನ ಇಂಗ್ಲಿಷಿಗೆ ಒದಗಿ ಅಜ್ಜಿಯ ಕನ್ನಡಕ್ಕೆ ಒದಗದ ಅನುಕೂಲವು ಮನೆಗೆ ಅರ್ಧ ಅನುಕೂಲವಷ್ಟೆ.