ಗೂಗಲ್ಲಿಗೆ ಸಿಗದ ಮುತ್ತಜ್ಜ

ಈಗೀಗ ನಮ್ಮ ಕಡೆ ಹುಡುಗರಿಗೆ ಹೊಸ ಹುಚ್ಚು. ಬೆಂಗಳೂರಲ್ಲೋ ಅಮೆರಿಕದಲ್ಲೋ ಕೂತು, ವಂಶವೃಕ್ಷದ ಸೈಟುಗಳಲ್ಲಿ ಮುತ್ತಜ್ಜನ್ನ ಹುಡುಕೋದು. ಹುಚ್ಚು ಒಳ್ಳೇದೇ. ಆದ್ರೆ ಎರಡು ದಿನ ಹುಡುಕಿ, "ನಮ್ಮೋರು ಏನೂ ಬರೆದಿಟ್ಟಿಲ್ಲ ಬಿಡ್ರಿ" ಅಂತ ಷರಾ ಬರೀತಾರಲ್ಲ, ನನ್ನ ತಕರಾರು ಅದಕ್ಕೆ.

ಬರೆದಿಟ್ಟಾರ್ರೀ! ನೀವು ಹುಡುಕಿದ ಜಾಗ ಬೇರೆ. ಫೈಂಡ್‌ಮೈಪಾಸ್ಟ್‌ನ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಇರೋದು ಹೆಚ್ಚಾಗಿ ಬಿಳಿಯರ ಹುಟ್ಟು, ಮದುವೆ, ಸಾವು. ಫ್ಯಾಮಿಲಿಸರ್ಚ್‌ನಲ್ಲಿ ಹರಿದ್ವಾರದ ಪಂಡಾಗಳ ವಹಿಗಳಿವೆ. ಬನಹಟ್ಟಿಯ ನೇಕಾರ ಮಗ್ಗ ಬಿಟ್ಟು ಅಷ್ಟು ದೂರ ಹೋಗಿದ್ದನೇ? "ಬಾಗಲಕೋಟೆ ಜಿಲ್ಲೆ" ಅಂತ ಹುಡುಕಿದ್ರೂ ಅಷ್ಟೇ, ಆ ಜಿಲ್ಲೆ ಹುಟ್ಟಿದ್ದೇ ೧೯೯೭ರಲ್ಲಿ. ಮೊದಲು ಜಮಖಂಡಿ ಪಟವರ್ಧನರದ್ದು, ಮುಧೋಳ ಘೋರ್ಪಡೆಯವರದ್ದು, ರಬಕವಿ ಸಾಂಗ್ಲಿ ಸಂಸ್ಥಾನದ್ದು. ಬೀಳಗಿ ಮಾತ್ರ ನೇರ ಬ್ರಿಟಿಷರ ಕೈಯಲ್ಲಿ, ಕಲಾದಗಿ ಜಿಲ್ಲೆಯೊಳಗೆ. ಅಕ್ಕಪಕ್ಕದ ಊರುಗಳು, ನಾಲ್ಕು ದಫ್ತರ!

ಜಮಖಂಡಿ, ಸಾಂಗ್ಲಿ ಪಟವರ್ಧನರ ಕಾರಭಾರ ನಡೆದದ್ದು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ. ಆ ಲಿಪಿ ಯೂನಿಕೋಡಿಗೆ ಸೇರಿದ್ದು ೨೦೧೪ರಲ್ಲಿ. ಕನ್ನಡ ಅಕ್ಷರ ಚೌಕಗಳಾಗಿ ಕಾಣ್ತಿದ್ದ ದಿನಗಳನ್ನು ಕಂಡ ನಮಗೆ ಇದರ ಅರ್ಥ ಹೇಳಬೇಕಿಲ್ಲ. ೨೦೨೪ರಲ್ಲಿ ಭೂ ಸುರಕ್ಷಾ ಅಂತ ಸರ್ಕಾರ ತಾಲ್ಲೂಕು ಕಚೇರಿಗಳ ಹಳೇ ಕಾಗದ ಸ್ಕ್ಯಾನ್ ಮಾಡಲು ಹೊರಟಿತು. ಭೇಷ್. ಆದ್ರೆ ಸ್ಕ್ಯಾನ್ ಅಂದ್ರೆ ಬರೀ ಫೋಟೋ. ಮೋಡಿ ಓದಬಲ್ಲವರನ್ನು ಕೂಡಿಸಿ, ಅಡ್ಡಹೆಸರಿನ ಪ್ರಕಾರ ಯಾದಿ ಮಾಡದಿದ್ರೆ, ಕಪಾಟಿನ ಧೂಳು ಸರ್ವರಿಗೆ ಹೋಯ್ತು, ಇಷ್ಟೇ.

ಇನ್ನು ನಮ್ಮ ಹೆಳವರು. ಎತ್ತಿನ ಮೇಲೆ ಬಂದು, ಮನೆತನದ ಮೂಲ ಊರು, ಬೆಡಗು, ತಲೆತಲಾಂತರದ ಹೆಸರುಗಳನ್ನು ಗಡಗಡ ಹೇಳೋರು. ಕೆಲವರ ಹತ್ರ ಹಳೇ ವಹಿಗಳೂ ಇವೆ. (ಹೆಣ್ಣುಮಕ್ಕಳ ಹೆಸರು ಅದರಲ್ಲಿ ಕಡಿಮೆ, ಆ ಜಗಳ ಬೇರೆ ಪೋಸ್ಟಿಗೆ.) ಹೊರದೇಶದ ಸೈಟಿಗೆ ಡಾಲರ್ ಕಟ್ಟೋರು ಇವರನ್ನ "ಭಿಕ್ಷುಕರು" ಅಂತ ಬಾಗಿಲಿಂದಲೇ ಸಾಗಹಾಕ್ತಾರೆ! ಅವರು ಕೇಳೋದು ಭಿಕ್ಷೆ ಅಲ್ರೀ, ಕೆಲಸದ ಕೂಲಿ. ನಿಮ್ಮ ಮನೆತನ ಹೇಳುವ ಹೆಳವ ಯಾವ ಊರಿನವ ಅಂತ ಊರಲ್ಲಿರೋ ಹಿರಿಯರನ್ನ ಕೇಳ್ರಿ. ಈ ಸಲ ಬಂದಾಗ ಕೂಡಿಸಿ, ಕೊಡೋದು ಕೊಟ್ಟು, ಒಪ್ಪಿಗೆ ಕೇಳಿ ಧ್ವನಿ ಮುದ್ರಿಸಿಕೊಳ್ರಿ. ಹಾಂ, ವಹಿಯ ಫೋಟೋ ತೆಗೆದ್ರೆ ಬದುಕಿರೋರ ಹೆಸರು ಮುಚ್ಚದೆ ಬ್ಲಾಗಿಗೆ ಏರಿಸಬೇಡ್ರಿ.