ಗಿಟಾರಿನ ಅಳತೆಯೂ ಬಾಲಿಕೆಯ ಕೈಯೂ

ಅಣ್ಣನ ಗಿಟಾರನ್ನೇ ತಂಗಿಯ ಕೈಗೆ ಕೊಟ್ಟು, ಅವಳ ಬೆರಳು ನೊಂದೊಡನೆ "ಇವಳಿಗೆ ಸಂಗೀತ ಒಲಿಯದು" ಎಂದು ತೀರ್ಮಾನಿಸುವ ಪಾಲಕರನ್ನು ನಾವು ಕಂಡಿರುವೆವು. ದೋಷವು ವಾದ್ಯದ ಅಳತೆಯಲ್ಲಿರುವದೆಂದು ನಮ್ಮ ಅಭಿಪ್ರಾಯ.

1922ರಲ್ಲಿ ಭೀಮಸೇನ ಜೋಶಿಯವರು ಜನಿಸಿದ ಈ ಗದಗು ಸೀಮೆಯಲ್ಲಿ, ಯಳವತ್ತಿಯವರಾದ ನಮಗೆ ತಂಬೂರಿಯು ಅಪರಿಚಿತವಲ್ಲ. ಮಿರಜೆಯ ಕುಶಲಿಗಳು ಗಂಡಸರ ತಂಬೂರಿಯನ್ನು ದೊಡ್ಡದಾಗಿಯೂ, ಏರುದನಿಯ ಹೆಂಗಸರದನ್ನು ಚಿಕ್ಕದಾಗಿಯೂ ಮಾಡುವರು. ಚಿಕ್ಕದೆಂದು ಅದನ್ನು ಯಾರೂ ಹೀಗಳೆಯರು.

ಗಿಟಾರಿನಲ್ಲಿ ಮೇಲಿನ ಕಟ್ಟೆಯಿಂದ ಕುದುರೆಯವರೆಗೆ ಮಿಡಿಯುವ ತಂತಿಯ ಉದ್ದವೇ ಮುಖ್ಯವು. ದೊಡ್ಡವರ ನೈಲಾನ್ ತಂತಿಯ ಗಿಟಾರಿನಲ್ಲಿ ಅದು ಸಾಮಾನ್ಯವಾಗಿ 650 ಮಿಲಿಮೀಟರು. ಅದೇ ತಂತಿಯನ್ನು 580 ಮಿಲಿಮೀಟರಿನ ವಾದ್ಯದಲ್ಲಿ ಅದೇ ಶ್ರುತಿಗೆ ಬಿಗಿದರೆ ಎಳೆತವು ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಗುವದು. ಮೊದಲನೆಯ ಮೆಟ್ಟಿನ ಅಂತರವು ಸುಮಾರು 4 ಮಿಲಿಮೀಟರು ಕಿರಿದಾಗುವದು. ಎಳೆಯ ಬೆರಳಿಗೆ ಇದು ಅಲ್ಪ ಉಪಕಾರವಲ್ಲ.

ನಾದದಲ್ಲಿ ಭೇದವಿಲ್ಲವೆಂದು ನಾವು ಹೇಳಲಾರೆವು. ಉದ್ದ ತಂತಿಯ ಸ್ವರವು ಬಿಗುವಾಗಿ ಸ್ಪಷ್ಟವಾಗಿರುವದು, ಗಿಡ್ಡ ತಂತಿಯದು ಮೃದು. ಮಂದ್ರದ ತಂತಿಯು ಸಡಿಲಾಗಿ ಮೆಟ್ಟಿಗೆ ತಾಗಿ ಗರಗರಿಸಲೂಬಹುದು. ತುಸು ದಪ್ಪ ತಂತಿಯಿಂದ ಆ ಕೊರತೆಯು ಬಹುಮಟ್ಟಿಗೆ ನೀಗುವದು. ಒಮ್ಮೆ ಮುರಿದ ಬಾಲಿಕೆಯ ಉತ್ಸಾಹವನ್ನು ತಿರುಗಿ ಕೂಡಿಸುವದು ಅಷ್ಟು ಸುಲಭವಲ್ಲ.

ಆದುದರಿಂದ ಪಾಲಕರು ಕೊಳ್ಳುವ ಮೊದಲು ಮಗಳನ್ನು ಅಂಗಡಿಗೆ ಕರೆದೊಯ್ದು, ಮೊದಲ ನಾಲ್ಕು ಮೆಟ್ಟುಗಳ ಮೇಲೆ ಅವಳ ನಾಲ್ಕು ಬೆರಳುಗಳನ್ನು ಇಡಿಸಿ ನೋಡತಕ್ಕದ್ದು. ಕೈಸಾಗದೆ ಗಿಟಾರು ಬಿಟ್ಟ ಹಳೆಯ ವಿದ್ಯಾರ್ಥಿನಿಯರಿದ್ದರೆ, ತಕ್ಕ ಅಳತೆಯದನ್ನು ಇನ್ನೊಮ್ಮೆ ಹಿಡಿದು ನೋಡಲೆಂದು ನಮ್ಮ ವಿನಂತಿ.