ಅಪ್ಪನಿಗೆ ಹಿಡಿಸದ ಡ್ರಮ್ಮು

ಗೊತ್ತಿಲ್ಲದ ಊರಿನಲ್ಲಿ ದೋಸೆ ಚೆನ್ನಾಗಿಲ್ಲದಿದ್ದರೆ ನಾವು ದುಡ್ಡು ಕೊಟ್ಟು, ಕೈ ತೊಳೆದು, ಎದ್ದು ಬರುತ್ತೇವೆ. ಆದರೆ ಚಿಕ್ಕಂದಿನಿಂದ ತಿಂದ ಮುಳಬಾಗಿಲು ದೋಸೆ ಒಂದು ದಿನ ಹದ ತಪ್ಪಲಿ ನೋಡಿ! ಹೋಟೆಲಿನವರನ್ನು ಕರೆದು ಕೇಳುತ್ತೇವೆ, ಮನೆಗೆ ಬಂದು ಹೇಳುತ್ತೇವೆ, ವಾರವೆಲ್ಲ ಅದೇ ಮಾತು. ಎಲ್ಲಿ ಆಸೆ ಇಟ್ಟುಕೊಂಡಿರುತ್ತೇವೋ ಅಲ್ಲಿಯೇ ಸಿಟ್ಟೂ ಬರುತ್ತದೆ.

ಹಾಡಿನ ವಿಷಯದಲ್ಲೂ ಅಷ್ಟೇ. ಈ ವಾರ ನಾನು ಹೇಳಹೊರಟಿರುವುದು ನಮ್ಮ ನಂಗಲಿಗೆ ಬಹಳ ದೂರದ ಒಂದು ವಾದ್ಯತಂಡದ ಕಥೆ. ಆದರೆ ಅದರ ಜಗಳ ನಮ್ಮ ಮನೆಯ ಪಡಸಾಲೆಯಲ್ಲೇ ನಡೆಯಿತು.

ತಂಡದ ಹೆಸರು ಮೆಟಾಲಿಕಾ. 1981ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಹುಟ್ಟಿದ್ದು. ಡೆನ್ಮಾರ್ಕ್‌ನಿಂದ ಬಂದ ಲಾರ್ಸ್ ಉಲ್ರಿಕ್ ಎಂಬ ಹುಡುಗ, ತನಗೆ ಜೊತೆಗಾರರು ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಹಾಕಿದ. ಅದನ್ನು ನೋಡಿ ಸಿಕ್ಕವನು ಜೇಮ್ಸ್ ಹೆಟ್‌ಫೀಲ್ಡ್. ಉಲ್ರಿಕ್ ಡ್ರಮ್ ಬಾರಿಸಿದರೆ ಹೆಟ್‌ಫೀಲ್ಡ್ ಗಿಟಾರ್ ಹಿಡಿದು ಹಾಡಿದ. ಅವರು ನುಡಿಸುವುದು 'ಮೆಟಲ್' ಎಂಬ ಜಾತಿಯ ಸಂಗೀತ: ಗುಡುಗಿನಂಥ ಗಿಟಾರು, ಓಡುವ ಡ್ರಮ್ಮು, ಗದರುವ ಕಂಠ. ಮೊದಲ ಸಲ ಕೇಳಿದವರಿಗೆ ಅಟ್ಟದಿಂದ ಪಾತ್ರೆ ಬಿದ್ದಂತೆ ಅನ್ನಿಸಬಹುದು. ಕಿವಿ ಹೊಂದಿಕೊಂಡ ಮೇಲೆ ಅದರೊಳಗೆ ಲೆಕ್ಕ ಇದೆ, ರಾಗ ಇದೆ, ದುಃಖವೂ ಇದೆ ಎಂದು ತಿಳಿಯುತ್ತದೆ. 1991ರ ಅವರ ಕಪ್ಪು ಹೊದಿಕೆಯ ಆಲ್ಬಂ ಅಮೆರಿಕ ಒಂದರಲ್ಲೇ ಒಂದೂವರೆ ಕೋಟಿಗಿಂತ ಹೆಚ್ಚು ಮಾರಾಟವಾಯಿತು.

ನನ್ನ ಅಕ್ಕನ ಮಗ ಈ ತಂಡದ ಕಟ್ಟಾ ಅಭಿಮಾನಿ. ಹೈಸ್ಕೂಲಿನಲ್ಲಿದ್ದಾಗ ರಜೆಗೆಂದು ನಂಗಲಿಗೆ ಬಂದರೆ ಚೀಲದಲ್ಲಿ ಬಟ್ಟೆಗಿಂತ ಕ್ಯಾಸೆಟ್ ಜಾಸ್ತಿ. 2003ರ ಜೂನ್ ತಿಂಗಳಲ್ಲಿ ಮೆಟಾಲಿಕಾದ 'ಸೇಂಟ್ ಆ್ಯಂಗರ್' ಎಂಬ ಹೊಸ ಆಲ್ಬಂ ಬಂದಾಗ ಅವನು ಇಂಜಿನಿಯರಿಂಗ್ ಓದುತ್ತಿದ್ದ. ತಿಂಡಿಯ ದುಡ್ಡು ಉಳಿಸಿ ಕ್ಯಾಸೆಟ್ ಕೊಂಡು, ಇಲ್ಲಿಗೇ ತಂದು ಟೇಪ್‌ರೆಕಾರ್ಡರಿಗೆ ಹಾಕಿದ. ಎರಡು ಹಾಡು ಮುಗಿಯುವಷ್ಟರಲ್ಲಿ ಅವನ ಮುಖ ಸಪ್ಪಗಾಯಿತು. "ಇದೇನ್ ಮಾವ, ಎಣ್ಣೆ ಡಬ್ಬ ಬಾರಿಸಿದಂಗೈತೆ!" ಅಂದ.

ಅವನ ಮಾತು ಸುಳ್ಳಲ್ಲ. ಅದರ ಹಿಂದೊಂದು ಗುಟ್ಟಿದೆ. ನಿಮ್ಮ ಶಾಲೆಯ ಬ್ಯಾಂಡಿನಲ್ಲಿ ಭುಜಕ್ಕೆ ನೇತುಹಾಕಿಕೊಂಡು ಬಾರಿಸುವ ಸೈಡ್ ಡ್ರಮ್ ನೋಡಿದ್ದೀರಲ್ಲ? ಅದಕ್ಕೆ ಮೇಲೊಂದು, ಕೆಳಗೊಂದು ಹೊದಿಕೆ. ಕೆಳಗಿನ ಹೊದಿಕೆಗೆ ಅಂಟಿದಂತೆ ಸಣ್ಣ ತಂತಿಗಳನ್ನು ಬಿಗಿದಿರುತ್ತಾರೆ. ಮೇಲೆ ಕೋಲು ಬಿದ್ದಾಗ ಕೆಳಗಿನ ತಂತಿ ನಡುಗಿ 'ಚರ್ರ್' ಎನ್ನುತ್ತದೆ. ಪಕ್ಕದ ಹಿಡಿಕೆ ತಿರುಗಿಸಿ ತಂತಿ ಸಡಿಲ ಮಾಡಿದರೆ ಆ 'ಚರ್ರ್' ಹೋಗಿ ಬರೀ 'ಟಣ್' ಉಳಿಯುತ್ತದೆ. 'ಸೇಂಟ್ ಆ್ಯಂಗರ್'ನಲ್ಲಿ ಉಲ್ರಿಕ್ ತಂತಿಯನ್ನು ಸಡಿಲ ಬಿಟ್ಟೇ ಬಾರಿಸಿದ್ದ. ಸಾಲದ್ದಕ್ಕೆ, ಮೆಟಲ್ ಕೇಳುವವರು ಕಾದು ಕೂರುವ ಒಂಟಿ ಗಿಟಾರಿನ ನುಡಿಸಾಣಿಕೆಯನ್ನು ಇಡೀ ಆಲ್ಬಂನಿಂದಲೇ ತೆಗೆದುಹಾಕಿದ್ದರು. ನಮ್ಮ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನ ಪದ್ಯಗಳನ್ನೆಲ್ಲ ಬಿಟ್ಟು ಬರೀ ಮಾತು ಆಡಿಸಿದರೆ ಹೇಗಿರುತ್ತದೆ? ಹಾಗಾಯಿತು.

ಕುರುಕ್ಷೇತ್ರದ ಮಾತು ಸುಮ್ಮನೆ ಎತ್ತಲಿಲ್ಲ. ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ನಮ್ಮ ಕಡೆ ಕನ್ನಡ ಪದ್ಯಕ್ಕೂ ತಲೆದೂಗುತ್ತಾರೆ, ತೆಲುಗು ಪದ್ಯಕ್ಕೂ ತಲೆದೂಗುತ್ತಾರೆ. ರಾತ್ರಿಯೆಲ್ಲ ಕೂತು ನೋಡುವ ಜನಕ್ಕೆ ಪದ್ಯಗಳು ಬಾಯಿಪಾಠ. ಹಾರ್ಮೋನಿಯಂ ಮೇಷ್ಟ್ರು ಒಂದು ಮಟ್ಟು ಬದಲಾಯಿಸಿದರೂ ಹಿಂದಿನ ಸಾಲಿನಿಂದ ಗೊಣಗಾಟ ಶುರು. ಹಳೆಯ ಮಟ್ಟಿನಲ್ಲೇ ಎತ್ತಿದರೆ "ಒನ್ಸ್ ಮೋರ್!" ಅಭಿಮಾನಿ ಎಲ್ಲಿದ್ದರೂ ಒಂದೇ.

ಮೆಟಾಲಿಕಾ ತಂಡದವರು ಯಾಕೆ ಹಾಗೆ ಮಾಡಿದರು? 2004ರಲ್ಲಿ ಬಂದ 'ಸಮ್ ಕೈಂಡ್ ಆಫ್ ಮಾನ್‌ಸ್ಟರ್' ಎಂಬ ಸಾಕ್ಷ್ಯಚಿತ್ರ ಅದನ್ನು ತೋರಿಸುತ್ತದೆ. 2001ರ ಜನವರಿಯಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಜೇಸನ್ ನ್ಯೂಸ್ಟೆಡ್ ತಂಡ ಬಿಟ್ಟ. ಅದೇ ವರ್ಷ ಹೆಟ್‌ಫೀಲ್ಡ್ ಕುಡಿತ ಬಿಡುವ ಚಿಕಿತ್ಸೆಗೆ ಸೇರಿ ತಿಂಗಳುಗಟ್ಟಲೆ ದೂರವಿದ್ದ. ಉಳಿದವರು ಎದುರು ಬದುರು ಕೂತರೆ ಜಗಳ. ಮಾತಾಡಿಸಿ ಸಮಾಧಾನ ಮಾಡಲು ಒಬ್ಬ ಸಲಹೆಗಾರನನ್ನೇ ಇಟ್ಟುಕೊಳ್ಳಬೇಕಾಯಿತು. ಆ ಆಲ್ಬಂ ಮಾಡಿದ್ದು ಒಡೆದುಹೋಗುತ್ತಿದ್ದ ಮನೆಯೊಳಗೆ ಕೂತು. ಹಾಗೆಂದು ಆ ಡ್ರಮ್ಮಿನ ಸದ್ದು ಇಂಪಾಗಿಬಿಡುವುದಿಲ್ಲ. ಅಡುಗೆಯವರಿಗೆ ಜ್ವರ ಬಂದಿತ್ತೆಂದು ಗೊತ್ತಾದರೆ ಸಾರಿನ ಉಪ್ಪು ಕಡಿಮೆಯಾಗುವುದಿಲ್ಲವಲ್ಲ. ಬೈಯುವ ನಮ್ಮ ದನಿ ಮಾತ್ರ ಸ್ವಲ್ಪ ತಗ್ಗುತ್ತದೆ. ವಿಚಿತ್ರವೆಂದರೆ, ಅಷ್ಟೊಂದು ಬೈಸಿಕೊಂಡ ಆಲ್ಬಂನ ಹೆಸರಿನ ಹಾಡಿಗೇ 2004ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು.

ಅಭಿಮಾನಿಗಳ ಎಲ್ಲ ದೂರೂ ಬರೀ ಹಟವಲ್ಲ. 2008ರ ಸೆಪ್ಟೆಂಬರಿನಲ್ಲಿ 'ಡೆತ್ ಮ್ಯಾಗ್ನೆಟಿಕ್' ಬಂತು. ಒಂಟಿ ಗಿಟಾರ್ ವಾಪಸ್ ಬಂದಿತ್ತು, ಹಾಡುಗಳು ಹಿಡಿಸಿದವು. ಆದರೆ ಕೇಳುತ್ತ ಕೇಳುತ್ತ ಕಿವಿ ದಣಿಯುತ್ತಿತ್ತು. ಕಾರಣ, ಧ್ವನಿಯನ್ನು ಕೊನೆಗೆ ಹದಗೊಳಿಸುವಾಗ ಎಲ್ಲವನ್ನೂ ಅತಿ ಜೋರು ಮಾಡಿದ್ದರು. ಇದನ್ನು ಹೀಗೆ ಯೋಚಿಸಿ. ತರಗತಿಯ ಗ್ರೂಪ್ ಫೋಟೋದಲ್ಲಿ ಉದ್ದನೆಯವರು, ಗಿಡ್ಡನೆಯವರು ಎಲ್ಲರೂ ಇರುತ್ತಾರೆ. ಗಿಡ್ಡನೆಯವರನ್ನೆಲ್ಲ ಸ್ಟೂಲಿನ ಮೇಲೆ ಹತ್ತಿಸಿ, ಎಲ್ಲರ ತಲೆಯೂ ಸೂರಿಗೆ ತಾಗುವಂತೆ ನಿಲ್ಲಿಸಿದರೆ ಯಾರು ಉದ್ದ ಎಂದೇ ತಿಳಿಯದು. ಹಾಡಿನಲ್ಲಿ ಪಿಸುಮಾತೂ ಕಿರುಚಾಟವೂ ಒಂದೇ ಎತ್ತರವಾದರೆ ಕಿರುಚಾಟಕ್ಕೆ ಬೆಲೆ ಎಲ್ಲಿ? ಸೂರಿಗೆ ತಲೆ ಬಡಿದಲ್ಲೆಲ್ಲ ಸದ್ದು ಒಡೆದು ಕರಕರ ಎನ್ನುತ್ತದೆ.

ಇದನ್ನು ಕಂಡುಹಿಡಿದವರು ಅಭಿಮಾನಿಗಳೇ. ಅದೇ ಹಾಡುಗಳು 'ಗಿಟಾರ್ ಹೀರೊ' ಎಂಬ ವಿಡಿಯೊ ಆಟದಲ್ಲಿಯೂ ಇದ್ದವು, ಅಲ್ಲಿ ಧ್ವನಿ ಹೆಚ್ಚು ತಿಳಿಯಾಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದರು. ಆಲ್ಬಂನ ಧ್ವನಿಯನ್ನು ಸರಿಮಾಡಿ ಮತ್ತೆ ಹೊರತನ್ನಿ ಎಂದು ಸಾವಿರಾರು ಜನ ಸಹಿ ಹಾಕಿ ಕೇಳಿದರು. ನೋಡಿ, ಇದು ಒಳ್ಳೆಯ ದೂರು. 'ನೀವು ಹಾಳಾದಿರಿ' ಎಂದು ಅವರು ಹೇಳಲಿಲ್ಲ. 'ಇಂಥ ಕಡೆ ಇಂಥದ್ದು ತಪ್ಪಿದೆ, ಸರಿಯಾದದ್ದು ಇಲ್ಲಿದೆ' ಎಂದು ತೋರಿಸಿದರು.

ಕೆಟ್ಟ ದೂರಿಗೂ ಉದಾಹರಣೆ ಇದೆ, ಅದು ನಮ್ಮ ದೇಶದ್ದೇ. 2011ರ ಅಕ್ಟೋಬರ್ 28ರಂದು ದೆಹಲಿ ಪಕ್ಕದ ಗುರ್ಗಾಂವ್‌ನಲ್ಲಿ ಮೆಟಾಲಿಕಾ ಕಾರ್ಯಕ್ರಮವಿತ್ತು. ಜನ ಸೇರಿದ ಮೇಲೆ ಸುರಕ್ಷತೆಯ ಕಾರಣಕ್ಕೆ ಅದು ನಿಂತುಹೋಯಿತು. ಕಾದು ಕಾದು ರೋಸಿಹೋದ ಕೆಲವರು ವೇದಿಕೆಗೆ ನುಗ್ಗಿ ಸಾಮಾನು ಮುರಿದುಹಾಕಿದರು. ಮುರಿದದ್ದರಿಂದ ಯಾರಿಗೂ ಒಂದು ಹಾಡೂ ಕೇಳಲು ಸಿಗಲಿಲ್ಲ.

ಎರಡು ದಿನ ಬಿಟ್ಟು, 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಾರ್ಯಕ್ರಮ ನಡೆಯಿತು. ನಮ್ಮ ಹುಡುಗನೂ ಹೋಗಿದ್ದ. ಆಗ ಅವನಿಗೆ ಕೆಲಸ ಸಿಕ್ಕಿ, ಮದುವೆಯೂ ಆಗಿತ್ತು. ಮಾರನೇ ದಿನ ನನಗೆ ಫೋನ್ ಮಾಡಿದಾಗ ಗಂಟಲು ಬಿದ್ದುಹೋಗಿತ್ತು. "ಮಾವ, ಹಳೇ ಹಾಡು ಬಂದಾಗ ಪಕ್ಕದಲ್ಲಿ ಯಾರೋ ಗುರುತಿಲ್ಲದವನು ಹೆಗಲ ಮೇಲೆ ಕೈ ಹಾಕಿ ಅಳ್ತಿದ್ದ" ಎಂದ. ಸರಿಯಾಗಿ ಅದೇ ದಿನ, ಅಕ್ಟೋಬರ್ 31ರಂದು, ಲೂ ರೀಡ್ ಎಂಬ ಹಿರಿಯ ಗಾಯಕನ ಜೊತೆ ಮೆಟಾಲಿಕಾ ಮಾಡಿದ 'ಲುಲು' ಎಂಬ ಆಲ್ಬಂ ಹೊರಬಂತು. ಜರ್ಮನಿಯ ನಾಟಕಕಾರ ವೆಡೆಕಿಂಡ್ ಬರೆದ ಎರಡು ನಾಟಕಗಳನ್ನು ಆಧರಿಸಿದ್ದು. ಅಭಿಮಾನಿಗಳು ಮತ್ತೆ ಕೆಂಡವಾದರು. ಆದರೆ ಅದು ರೀಡ್ ಮಾಡಿದ ಅತ್ಯುತ್ತಮ ಕೆಲಸ, ಜನಕ್ಕೆ ಅರ್ಥವಾಗಲು ಸಮಯ ಬೇಕು ಎಂದು ಪ್ರಸಿದ್ಧ ಗಾಯಕ ಡೇವಿಡ್ ಬೋವಿ ತಮಗೆ ಹೇಳಿದ್ದನ್ನು ರೀಡ್ ಅವರ ಪತ್ನಿ ಲಾರಿ ಆ್ಯಂಡರ್ಸನ್ 2015ರಲ್ಲಿ ನೆನೆದರು. ಒಂದೇ ಆಲ್ಬಂ, ಎರಡು ಬಗೆಯ ಕಿವಿ.

ಇನ್ನು ಪಡಸಾಲೆಯ ಜಗಳಕ್ಕೆ ಬರುತ್ತೇನೆ. ಹೋದ ಬೇಸಿಗೆ ರಜೆಯಲ್ಲಿ ಅಳಿಯ ತನ್ನ ಮಗಳನ್ನು ಕರೆದುಕೊಂಡು ಬಂದಿದ್ದ. ಎಂಟನೇ ಕ್ಲಾಸಿನ ಹುಡುಗಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮೊಣಕಾಲ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದಳು. ಏನು ಕೇಳುತ್ತಿದ್ದೀ ಎಂದು ಅಪ್ಪ ಇಣುಕಿ ನೋಡಿದರೆ, 'ಸೇಂಟ್ ಆ್ಯಂಗರ್'!

"ಅಯ್ಯೋ, ಅದನ್ನ ಯಾಕೆ ಕೇಳ್ತೀಯ? ಅವರ ಆಲ್ಬಂಗಳಲ್ಲೇ ಕೆಟ್ಟದ್ದು ಅದು. ತೆಗಿ, ನಾನು ಒಳ್ಳೇದು ಹಾಕ್ಕೊಡ್ತೀನಿ."

"ನಂಗೆ ಇದೇ ಇಷ್ಟ ಅಪ್ಪ. ಆ ಟಣ್ ಟಣ್ ಸದ್ದೇ ಇಷ್ಟ."

"ನಿಂಗೆ ಗೊತ್ತಾಗಲ್ಲ ಬಿಡು."

ಹುಡುಗಿ ಮಾತಾಡಲಿಲ್ಲ. ಇಯರ್‌ಫೋನ್ ಸುತ್ತಿಟ್ಟು ಒಳಗೆ ಹೋದಳು. ಆಮೇಲೆ ಎರಡು ದಿನ ಅಪ್ಪ "ಏನು ಕೇಳ್ತಿದ್ದೀಯ?" ಎಂದರೆ "ಏನಿಲ್ಲ" ಎನ್ನುವುದೇ ಉತ್ತರ. ನನ್ನ ಹತ್ತಿರ ಬಂದು ಹೇಳಿದಳು: "ತಾತ, ಕೆಟ್ಟದ್ದು ಅಂತ ಮೊದಲೇ ಹೇಳಿಬಿಟ್ಟರೆ ನಾನು ಹೆಂಗೆ ಕೇಳೋದು? ಈಗ ಹಾಕಿದ್ರೆ ಅಪ್ಪನ ಮುಖಾನೇ ಕಾಣಿಸುತ್ತೆ."

ಈ ಮಾತು ನನಗೆ ಚುರುಕ್ ಎಂದಿತು. ಅವತ್ತು ಸಂಜೆ ಅಳಿಯನ ಜೊತೆ ಹೆದ್ದಾರಿಯ ಕಡೆ ನಡೆದು ಹೋದೆ. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ರಾಜ್ಯದ ಮೂಡಣ ಎಲ್ಲೆ ಎಂದು ಹೇಳುವುದು ಈ ನಂಗಲಿಯ ಘಟ್ಟವನ್ನೇ. ಇವತ್ತಿಗೂ ಎಲ್ಲೆ ಇಲ್ಲೇ ಇದೆ. ಆದರೆ ಪದ್ಯವಾಗಲಿ ಮಾತಾಗಲಿ ಅದನ್ನು ಕೇಳಿ ದಾಟುವುದಿಲ್ಲ.

"ನಿಮ್ಮಪ್ಪ ನಿನ್ನ ಕ್ಯಾಸೆಟ್ಟಿಗೆ ಏನಂತಿದ್ರು, ನೆನಪಿದೆಯೇನೋ?" ಎಂದೆ.

ಭಾವ ನಾಟಕದ ಹುಚ್ಚಿನವರು. ದುರ್ಯೋಧನನ ಪಾತ್ರ ಕಟ್ಟಿದರೆ ಬೆಳಗಿನ ಜಾವದವರೆಗೂ ಕಂಠ ಬೀಳುತ್ತಿರಲಿಲ್ಲ. ಮಗನ ಕ್ಯಾಸೆಟ್ ಕೇಳಿ "ಇದು ಹಾಡಲ್ಲ, ಪಾತ್ರೆ ಅಂಗಡಿಗೆ ಗೂಳಿ ನುಗ್ಗಿದ್ದು" ಎನ್ನುತ್ತಿದ್ದರು. ಅಳಿಯ ನಗಲಿಲ್ಲ. ಸ್ವಲ್ಪ ದೂರ ಸುಮ್ಮನೆ ನಡೆದ. "ನಂಗೂ ಆಗ ಏನಿಲ್ಲ ಅಂತಾನೇ ಹೇಳೋದು ಅಭ್ಯಾಸ ಆಗಿತ್ತು ಮಾವ" ಎಂದ.

ಮೆಟಾಲಿಕಾದ ಹನ್ನೊಂದನೆಯ ಸ್ಟುಡಿಯೊ ಆಲ್ಬಂ ಬಂದದ್ದು 2023ರ ಏಪ್ರಿಲ್ 14ರಂದು. ಹೆಸರು '72 ಸೀಸನ್ಸ್', ಅಂದರೆ 72 ಋತುಗಳು. ಅವರ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕು ಋತು, ಹುಟ್ಟಿನಿಂದ ಹದಿನೆಂಟು ವರ್ಷಕ್ಕೆ 72. ನಮಗೆ ವರ್ಷಕ್ಕೆ ಆರು ಋತು, ಹಾಗಾಗಿ 108 ಎನ್ನಬೇಕು! ಆ ಹದಿನೆಂಟು ವರ್ಷದಲ್ಲಿ ಮನಸ್ಸಿಗೆ ಬಿದ್ದ ಅಚ್ಚೇ ಮುಂದೆ ನಮ್ಮನ್ನು ನಡೆಸುತ್ತದೆ ಎಂಬುದು ಅದರ ಹಿಂದಿನ ಯೋಚನೆ. ಅಭಿಮಾನಿಗಳ ನಿರಾಸೆಗೆ ಅರ್ಧ ಉತ್ತರ ಇದರಲ್ಲೇ ಇದೆ ಎಂದು ನನಗನ್ನಿಸುತ್ತದೆ. ಹೈಸ್ಕೂಲಿನಲ್ಲಿ ಕೇಳಿದ ಹಾಡಿನ ಜೊತೆ ಆ ವಯಸ್ಸೂ, ಆ ಗೆಳೆಯರೂ, ಆ ರಜೆಯೂ ಅಂಟಿಕೊಂಡಿರುತ್ತವೆ. ಅರವತ್ತರ ಹತ್ತಿರದ ಹೆಟ್‌ಫೀಲ್ಡ್ ಎಷ್ಟೇ ಚೆನ್ನಾಗಿ ಹಾಡಿದರೂ ಅವನ್ನೆಲ್ಲ ವಾಪಸ್ ಕೊಡಲಾರ. ನಮ್ಮ ಹುಡುಗಿಗೆ ಆ ಋತುಗಳು ಇನ್ನೂ ನಡೆಯುತ್ತಿವೆ. ಅವಳ ಕಿವಿಗೆ 'ಸೇಂಟ್ ಆ್ಯಂಗರ್' ಹಳೆಯದರ ಕೆಟ್ಟ ನಕಲಲ್ಲ, ಅದೇ ಮೊದಲು.

ಮರುದಿನ ಅಪ್ಪ ತಾನಾಗಿ ಹೋಗಿ ಕೂತ. "ಒಂದು ಕಿವಿಗೆ ನಂಗೂ ಕೊಡು" ಎಂದ. ಇಡೀ ಹಾಡು ಕೇಳಿದ. "ಈಗಲೂ ನಂಗೆ ಹಿಡಿಸಲ್ಲ" ಎಂದೇ ಹೇಳಿದ. ಆದರೆ ಯಾಕೆ ಎಂದೂ ಹೇಳಿದ, ಡ್ರಮ್ಮಿನ ತಂತಿಯ ಕಥೆ ಬಿಡಿಸಿ ವಿವರಿಸಿದ. ಹುಡುಗಿ ಕಣ್ಣರಳಿಸಿ, "ಓ, ಅದಕ್ಕೇನಾ ನಂಗೆ ಅದು ನಮ್ಮೂರ ತಮಟೆ ಥರ ಕೇಳಿದ್ದು?" ಎಂದಳು. ಅಪ್ಪನ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. ಊಟಕ್ಕೆ ಕರೆಯುವವರೆಗೂ ಇಬ್ಬರೂ ಅದನ್ನೇ ಚರ್ಚೆ ಮಾಡುತ್ತಿದ್ದರು.

ಹಿರಿಯರಿಗೆ ನನ್ನದೊಂದು ಮಾತು. ನಿಮಗೆ ಹಿಡಿಸದ್ದನ್ನು ಹಿಡಿಸಲಿಲ್ಲ ಎನ್ನಿ, ಮಕ್ಕಳ ಮುಂದೆ ಸುಳ್ಳು ಹೇಳಬೇಕಿಲ್ಲ. ಕಾರಣವನ್ನೂ ಜೊತೆಗೆ ಕೊಡಿ. 'ಕೆಟ್ಟದ್ದು' ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. 'ಇದರಲ್ಲಿ ತಂತಿಯ ಸದ್ದಿಲ್ಲ, ಅದಕ್ಕೆ ನನಗೆ ಹಿಡಿಸಲ್ಲ' ಎಂದರೆ ಮಗು ಕಿವಿಗೊಟ್ಟು ಕೇಳುತ್ತದೆ. ಕೇಳಿದ ಮೇಲೆ ನಿಮ್ಮ ಮಾತನ್ನು ಒಪ್ಪದೆಯೂ ಇರಬಹುದು.

ಮಕ್ಕಳೇ, ನಿಮಗೊಂದು ಕೆಲಸ. ಶಾಲೆ ತೆರೆದ ಮೇಲೆ ದೈಹಿಕ ಶಿಕ್ಷಣದ ಮೇಷ್ಟ್ರನ್ನು ಕೇಳಿ ಸೈಡ್ ಡ್ರಮ್ ತೆಗೆಸಿ. ಪಕ್ಕದ ಹಿಡಿಕೆ ಬಿಗಿಮಾಡಿ ಒಮ್ಮೆ, ಸಡಿಲ ಮಾಡಿ ಒಮ್ಮೆ ಬಾರಿಸಿ. ಗೆಳೆಯರು ಕಣ್ಣು ಮುಚ್ಚಿಕೊಂಡು ಕೇಳಲಿ. ಯಾವುದು ಇಷ್ಟವಾಯಿತು, ಯಾಕೆ ಎಂದು ಒಬ್ಬೊಬ್ಬರೇ ಹೇಳಲಿ. ಎಲ್ಲರೂ ಒಂದೇ ಉತ್ತರ ಕೊಟ್ಟರೆ ಇನ್ನೊಂದು ಸಲ ಬಾರಿಸಿ.